ಅಪ್ಪ ಬರಲಿ, ಹೇಳ್ತೀನಿ!

ಮಗು ಊಟ ಮಾಡಲಿಲ್ಲ, ತಂಗಿಯ ಜಡೆ ಎಳೆಯಿತು, ಹೋಂವರ್ಕ್ ಮುಗಿಸಲಿಲ್ಲ. ಆಗ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಯಾವುದು, ಹೇಳಿ? "ತಾಳು, ಅಪ್ಪ ಬರಲಿ, ಹೇಳ್ತೀನಿ!" ಮಧ್ಯಾಹ್ನದ ತಪ್ಪಿಗೆ ಮಗು ಸಂಜೆಯವರೆಗೂ ಹೆದರಿ ಕೂರಬೇಕು. ಪಾಪ, ಆ ಮನುಷ್ಯನಿಗೆ ಇದೊಂದೂ ಗೊತ್ತಿರುವುದಿಲ್ಲ. ದಣಿದು ಬಂದು ಚಪ್ಪಲಿ ಬಿಡುವ ಹೊತ್ತಿಗೇ ಪಂಚಾಯಿತಿ ಕಾದಿರುತ್ತದೆ.

ಸೋದರಿಯರೇ, ಕನ್ನಡದ 'ಅಪ್ಪ' ಇಷ್ಟು ಬಿರುಸಾದ ಶಬ್ದವೇ ಅಲ್ಲ. ತಂದೆಯ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ. ಹಾಲುಗಲ್ಲದ ಮಗನನ್ನೂ "ಬಾರಪ್ಪಾ, ಉಣ್ಣಪ್ಪಾ" ಎಂದೇ ರಮಿಸುತ್ತೇವೆ. ಹಿಂದಿನವರು ಐದು ಬಗೆಯ ತಂದೆಯರನ್ನು ಎಣಿಸಿದ್ದರು. ಹುಟ್ಟಿಸಿದವನು, ಉಪನಯನ ಮಾಡಿದವನು, ವಿದ್ಯೆ ಕಲಿಸಿದವನು, ಅನ್ನ ಕೊಟ್ಟವನು, ಭಯದಿಂದ ಕಾಪಾಡಿದವನು. ಕೊನೆಯದನ್ನು ಗಮನಿಸಿದಿರಾ? ಭಯದಿಂದ ಕಾಪಾಡಬೇಕಾದವನೇ ನಮ್ಮಲ್ಲಿ ಗುಮ್ಮ!

ಮನೆಯಲ್ಲಿದ್ದು ಸಂಬಳ ತಂದರೆ ತಂದೆಯಾದಂತೆಯೇ? ಈ ಪ್ರಶ್ನೆ ನ್ಯಾಯಾಲಯಕ್ಕೂ ಹೋಗಿತ್ತು. ಮಗುವಿಗೆ ಸಹಜ ಪಾಲಕ ತಂದೆ, 'ಅವನ ನಂತರ' ತಾಯಿ ಎಂದು ಹಿಂದೂಗಳಿಗೆ 1956ರ ಕಾಯಿದೆ ಹೇಳುತ್ತದೆ. ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ಆ 'ನಂತರ'ಕ್ಕೆ ಹೊಸ ಅರ್ಥ ಕೊಟ್ಟಿತು. ಸತ್ತ ನಂತರವೆಂದೇ ಅಲ್ಲ, ಒಂದೇ ಸೂರಿನಡಿ ಇದ್ದೂ ಮಗುವಿನ ಗೋಜಿಗೇ ಹೋಗದವನಾದರೂ ತಾಯಿಯೇ ಪಾಲಕಿಯಾಗಬಹುದು ಎಂದಿತು.

ನಮ್ಮ ಬೀದಿಯಲ್ಲೊಬ್ಬರು ಬಸ್ ಕಂಡಕ್ಟರು. ಮೊದಲ ಬಸ್ಸಿಗೆ ಹೋದರೆ ಬರುವುದು ರಾತ್ರಿಗೆ. ಮಗನಿಗೆ ಶಾಲೆಯ ಪ್ರವಾಸಕ್ಕೆ ಹಣ ಬೇಕಾದರೂ ಅಮ್ಮನ ಮೂಲಕವೇ ಅರ್ಜಿ, ಅಮ್ಮನ ಮೂಲಕವೇ ಉತ್ತರ. ಕಳೆದ ವರ್ಷ ಆಕೆ ತಂಗಿಯ ಬಾಣಂತನಕ್ಕೆಂದು ಮೂರು ವಾರ ತವರಿಗೆ ಹೋದಳು. (ಚಟ್ನಿಪುಡಿ, ಸಾರಿನಪುಡಿ ಎಲ್ಲ ಮಾಡಿಟ್ಟೇ ಹೋದಳೆನ್ನಿ, ನಾವಿರುವುದೇ ಹಾಗೆ!) ಮೊದಲ ವಾರ ಅಪ್ಪ ಮಗ ಮೂಕರ ಹಾಗೆ ಉಂಡರಂತೆ. ಒಂದು ದಿನ ಉಪ್ಪಿಟ್ಟು ತಳ ಹಿಡಿದು ಇಬ್ಬರಿಗೂ ನಗು ಬಂತು. ಅಂದು ರಾತ್ರಿ ಹುಡುಗ ತಾನಾಗಿಯೇ ಹೇಳಿದ, ಲೆಕ್ಕದಲ್ಲಿ ಎರಡು ಸಲ ಫೇಲು, ಮಾರ್ಕ್ಸ್ ಕಾರ್ಡು ಹಾಸಿಗೆ ಕೆಳಗೆ. ಅವರು ಬೈಯಲಿಲ್ಲ. "ನಾನೂ ದಿನಾ ಟಿಕೆಟ್ ಲೆಕ್ಕ ಹಾಕೋನೇ, ಬಾ ನೋಡೋಣ" ಅಂದರಂತೆ. ಈಗ ಹುಡುಗ ಎದ್ದು ಕಾಯುತ್ತಾನೆ, ರಾತ್ರಿ ಬಸ್ಸು ತಡವಾದರೂ.

ಗಂಡಸರಿಗೆ ಆಸೆ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ನೌಕರರಿಗೆ ಮಗು ಹುಟ್ಟಿದಾಗ 15 ದಿನದ ಪಿತೃತ್ವ ರಜೆಯೂ ಉಂಟು. ಆದರೆ ಬಾಣಂತಿಕೋಣೆಯ ಬಾಗಿಲಲ್ಲೇ "ನಿನಗೇನು ಕೆಲಸ ಇಲ್ಲಿ?" ಎಂದು ಅಟ್ಟುವವರು ಹೆಂಗಸರೇ. ಮಗುವಿನ ಕತ್ತಿಗೆ ಕೈ ಕೊಡುವುದು ಹೇಗೆಂದು ತೋರಿಸಿ, ಎತ್ತಿಕೊಳ್ಳಲಿ ಬಿಡಿ.

ಕುಡಿದು ಹೊಡೆಯುವವರ ಮಾತು ಬೇರೆ. ಅಲ್ಲಿ ತಾಯಿ ಅಡ್ಡ ನಿಲ್ಲಲೇಬೇಕು. ಉಳಿದ ಮನೆಗಳಲ್ಲಿ, ಮುಂದಿನ ಸಲ ಮಾರ್ಕ್ಸ್ ಕಾರ್ಡು ಬಂದಾಗ ನೀವು ಅಡುಗೆಮನೆಯಲ್ಲೇ ಇರಿ. ಮಗುವೇ ಹೋಗಿ ಅಪ್ಪನ ಕೈಗೆ ಕೊಡಲಿ.