ಶುಲ್ಕ ತೆತ್ತು ಸಾರಥ್ಯ

ಎಂಜಿನ್ನಿನ ಮೇಲೇರಿ ಪ್ರಯಾಣ ಮಾಡಬಯಸುವವನಿಗೆ ನಮ್ಮ ದೇಶದಲ್ಲಿ ಗೊತ್ತಾದ ಬೆಲೆಯೊಂದುಂಟು: 1989ರ ರೈಲ್ವೆ ಕಾಯಿದೆಯ 156ನೆಯ ಕಲಮಿನಂತೆ, ನೌಕರನು ಬೇಡವೆಂದ ಮೇಲೆಯೂ ಹಠ ಬಿಡದವನಿಗೆ ಮೂರು ತಿಂಗಳವರೆಗಿನ ಸೆರೆವಾಸ, ಇಲ್ಲವೆ 500 ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ. ಕಡಲಾಚೆ ಇದೇ ಆಸೆಗೆ ಬೇರೊಂದು ಬಗೆಯ ಬೆಲೆಯನ್ನು ಕಟ್ಟಿದ್ದಾರೆ. ಕ್ಯಾಲಿಫೋರ್ನಿಯದ ಪೋರ್ಟೋಲದಲ್ಲಿರುವ ರೈಲ್ವೆ ವಸ್ತುಸಂಗ್ರಹಾಲಯವು ಡೀಸೆಲ್ ಎಂಜಿನ್ನನ್ನೂ, ನೆವಾಡದ ಈಲಿಯಲ್ಲಿರುವ ಸಂಗ್ರಹಾಲಯವು ಉಗಿ ಎಂಜಿನ್ನನ್ನೂ ಶುಲ್ಕ ತೆತ್ತ ಸಾಮಾನ್ಯ ಗೃಹಸ್ಥನ ಕೈಗೇ ಒಪ್ಪಿಸಿ, ಮಗ್ಗುಲಲ್ಲಿ ನುರಿತವನೊಬ್ಬನನ್ನು ನಿಲ್ಲಿಸಿ, ಬಾಲ್ಯದ ಬಯಕೆಯನ್ನು ಪ್ರೌಢವಯಸ್ಸಿನಲ್ಲಿ ತೀರಿಸಿಕೊಡುತ್ತವೆ.

ನಮ್ಮ ಮುಂಬಯಿಯಾದರೋ ಭಾರತದ ಪ್ರಯಾಣಿಕ ರೈಲಿನ ತವರು. 1853ರ ಏಪ್ರಿಲ್ 16ರ ಅಪರಾಹ್ಣ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನುಗಳು ಹದಿನಾಲ್ಕು ಗಾಡಿಗಳಲ್ಲಿ ನಾನೂರರಷ್ಟು ಅತಿಥಿಗಳನ್ನು ಕೂರಿಸಿಕೊಂಡು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಸಾಗಿದವು. ಎಂಜಿನ್ನುಗಳ ಹೆಸರು ಸಾಮಾನ್ಯಜ್ಞಾನದ ಪುಸ್ತಕಗಳಿಗೂ ಬಂದಿದೆ. ಅವುಗಳ ಹಿಡಿ ಹಿಡಿದವರ ಹೆಸರನ್ನು ಕೇಳುವವರು ವಿರಳ. ಆ ಬೋರಿಬಂದರಿನ ನೆಲೆಯಲ್ಲಿಯೇ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ರೂಪಿಸಿ 1888ರಲ್ಲಿ ಪೂರ್ಣಗೊಂಡ, ಇಂದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಎನಿಸಿಕೊಂಡಿರುವ ಭವ್ಯ ಸೌಧದೊಳಗೆ ರೈಲ್ವೆಯ ಗತವೈಭವವನ್ನು ತೋರುವ ಸಂಗ್ರಹಾಲಯವೊಂದಿದೆ. ಅಲ್ಲಿ ಕಣ್ತುಂಬ ನೋಡಬಹುದು. ಹಿಡಿಗೆ ಕೈ ಹಾಕುವಂತಿಲ್ಲ. ಹಾಕುವಂತಿದ್ದರೆ ಕೈಗೆ ಏನು ಸಿಕ್ಕುತ್ತಿತ್ತೆಂಬುದೇ ಇಲ್ಲಿನ ವಿಚಾರ.

ಚಾಲಕನ ಸ್ಥಾನದಲ್ಲಿ ನಿಂತವನಿಗೆ ಮೊದಲು ಗೋಚರವಾಗುವುದು ಒಂದು ಅಭಾವ: ಅಲ್ಲಿ ಸ್ಟೀರಿಂಗ್ ಇಲ್ಲ. ಮಾರ್ಗವನ್ನು ನಿರ್ಣಯಿಸುವುದು ಹಳಿ. ಹಳಿಯನ್ನು ತಿರುಗಿಸುವುದು ಎಲ್ಲಿಯೋ ಕುಳಿತ ಸಿಗ್ನಲ್ ಸಿಬ್ಬಂದಿ. ಚಾಲಕನ ಅಧಿಕಾರವೆಲ್ಲ ಹೊರಡುವುದು, ವೇಗವನ್ನು ಹಿಡಿತದಲ್ಲಿಡುವುದು, ನಿಲ್ಲಿಸುವುದು, ಇಷ್ಟರಲ್ಲಿಯೇ ಅಡಗಿದೆ. ಉಗಿ ಎಂಜಿನ್ನಿನಲ್ಲಿ ರೆಗ್ಯುಲೇಟರ್ ಎಂಬ ಹಿಡಿಯನ್ನೆಳೆದರೆ ಬಾಯ್ಲರಿನ ಉಗಿಯು ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ದೂಡುತ್ತದೆ. ರಿವರ್ಸರ್ ಎಂಬ ಮತ್ತೊಂದು ಹಿಡಿಯು ಹೆಸರಿಗೆ ಹಿಂದುಮುಂದಿನ ದಿಕ್ಕನ್ನು ಬದಲಿಸುವುದಾದರೂ, ಪಯಣದುದ್ದಕ್ಕೂ ಅದರ ಕಾಯಕ ಮಿತವ್ಯಯವೇ ಆಗಿರುತ್ತದೆ: ಹೊರಡುವಾಗ ಪಿಸ್ಟನ್ನಿನ ಓಟದ ಬಹುಪಾಲು ದೂರದವರೆಗೆ ಉಗಿಯನ್ನು ಒಳಬಿಟ್ಟು, ವೇಗ ಕೂಡಿದ ಮೇಲೆ ಅದನ್ನು ಕಾಲುಪಾಲಿಗೋ ಅದಕ್ಕಿಂತ ಕಡಮೆಗೋ ಇಳಿಸಿ, ಉಳಿದ ದೂರವನ್ನು ಉಗಿಯು ತನ್ನಷ್ಟಕ್ಕೆ ಹಿಗ್ಗಿ ಪೂರೈಸುವಂತೆ ಮಾಡುವುದು. ಹಣ ತೆತ್ತ ಹೊಸಬನು ಈ ಎರಡನ್ನು ಕೆಲವೇ ನಿಮಿಷಗಳಲ್ಲಿ ಕಲಿತು, ಎಂಜಿನ್ ಕದಲಿದೊಡನೆ ತಾನು ಚಾಲಕನಾದೆನೆಂದು ಹಿಗ್ಗುತ್ತಾನೆ. ಅವನ ನಿಜವಾದ ಪಾಠ ಇನ್ನೂ ಮುಂದಿದೆ.

ಉಕ್ಕಿನ ಗಾಲಿಯು ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ಒಂದು ಸಣ್ಣ ನಾಣ್ಯದಷ್ಟು. ಎರಡೂ ಗಡುಸಾಗಿ, ಒತ್ತಿದರೂ ಬಹಳ ತಗ್ಗದೆ ಇರುವುದರಿಂದಲೇ ಸಮತಟ್ಟಾದ ಹಳಿಯ ಮೇಲೆ ಒಂದು ಟನ್ ಭಾರವನ್ನು ಮೆಲ್ಲನೆ ಉರುಳಿಸುತ್ತಿರಲು ಎರಡು ಮೂರು ಕಿಲೋ ತೂಕದಷ್ಟು ಸೆಳೆತ ಸಾಕಾಗುತ್ತದೆ. ರೈಲಿನ ಸಮಸ್ತ ಲಾಭವೂ ಇದೊಂದರಿಂದಲೇ. ಅದರ ಸಮಸ್ತ ಸಂಕಟವೂ ಇದರಿಂದಲೇ. ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಒಣಗಿದ ಹಳಿಯ ಮೇಲೆ ಅದರ ಗಾಲಿಗೆ ದೊರೆಯುವ ಹಿಡಿತ ಅದು ಹೊತ್ತ ಭಾರದ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ. ಹಳಿ ತೇವವಾದರೆ ಅದು ಅರ್ಧಕ್ಕೂ ಇಳಿಯುವುದುಂಟು. ಜಡಿಮಳೆ ಹಳಿಯನ್ನು ತೊಳೆದುಬಿಡುತ್ತದೆ. ಜೂನ್ ಆರಂಭದ ತುಂತುರು ಹಾಗಲ್ಲ, ಬೇಸಗೆಯ ಧೂಳನ್ನೂ ಜಿಡ್ಡನ್ನೂ ಕಲಸಿ ಹಳಿಗೆ ಲೇಪನ ಮಾಡುತ್ತದೆ. ಆಗ ಹಿಡಿಯನ್ನು ಜೋರಾಗಿ ಎಳೆದವನ ಗಾಲಿ ನಿಂತಲ್ಲೇ ಸುತ್ತುತ್ತದೆ; ಬ್ರೇಕನ್ನು ಜೋರಾಗಿ ಒತ್ತಿದವನ ಗಾಲಿ ಸುತ್ತದೆಯೇ ಜಾರುತ್ತದೆ. ಎಂಜಿನ್ನುಗಳು ಮರಳನ್ನು ಹೊತ್ತು ತಿರುಗುವುದು, ಗಾಲಿಯ ಮುಂದೆ ಅದನ್ನುದುರಿಸಿ ಆ ಹಿಡಿತವನ್ನು ಮರಳಿ ಪಡೆಯಲಿಕ್ಕಾಗಿ.

ಹಿಡಿತದ ಈ ಸಂಕಟದ ಉಗ್ರರೂಪವನ್ನು ಕಾಣಲು ಕರ್ಜತಿನಿಂದ ಲೋಣಾವಳಕ್ಕೆ ಹತ್ತುವ ಭೋರ್ ಘಾಟಿಗೆ ಹೋಗಬೇಕು. ಅಲ್ಲಿಯ ಏರು 37ಕ್ಕೆ 1; ಅಂದರೆ ಪ್ರತಿ ಟನ್ನನ್ನೂ ಭೂಮಿ ಸುಮಾರು 27 ಕಿಲೋ ತೂಕದಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ, ಸಮತಟ್ಟಿನ ತಡೆಗೆ ಹೋಲಿಸಿದರೆ ಹತ್ತು ಮಡಿ. ಆದ್ದರಿಂದಲೇ ಕರ್ಜತಿನಲ್ಲಿ ಗಾಡಿಯ ಹಿಂದೆ ಬ್ಯಾಂಕರ್ ಎಂಬ ದೂಡುವ ಎಂಜಿನ್ನುಗಳನ್ನು ಜೋಡಿಸುತ್ತಾರೆ. ಇಳಿಯುವಾಗ ಅದೇ 27 ಕಿಲೋ ಗಾಡಿಯನ್ನು ಕಣಿವೆಯ ಕಡೆಗೆ ಸೆಳೆಯುತ್ತದೆ. ಅಂಕೆ ತಪ್ಪಿದ ಗಾಡಿಯನ್ನು ಏರುಹಳಿಗೆ ಹೊರಳಿಸಿ ತಡೆಯುವ ಕ್ಯಾಚ್ ಸೈಡಿಂಗುಗಳು ಅಲ್ಲಿ ಕಾದಿವೆ. ಏಷ್ಯದ ಪ್ರಥಮ ಮಹಿಳಾ ರೈಲು ಚಾಲಕಿಯೆಂದು ಪ್ರಸಿದ್ಧರಾದ ಸಾತಾರ ಜಿಲ್ಲೆಯ ಸುರೇಖಾ ಯಾದವರು 2011ರ ಮಾರ್ಚ್ 8ರಂದು ಡೆಕ್ಕನ್ ಕ್ವೀನನ್ನು ಪುಣೆಯಿಂದ ಮುಂಬಯಿಗೆ ತಂದಾಗ ಇಳಿದು ಬಂದದ್ದು ಈ ಘಾಟಿಯನ್ನೇ.

ವಿದ್ಯುತ್ತು ಬಂದ ಮೇಲೆ ಹಿಡಿಯ ಸ್ವರೂಪ ಬದಲಾಯಿತು. 1925ರ ಫೆಬ್ರವರಿ 3ರಂದು ಬೋರಿಬಂದರಿನ ಅದೇ ಸೌಧದಿಂದ, ಅಂದಿನ ವಿಕ್ಟೋರಿಯ ಟರ್ಮಿನಸ್ಸಿನಿಂದ, ಕುರ್ಲಾಕ್ಕೆ 1500 ವೋಲ್ಟಿನ ಏಕಮುಖ ವಿದ್ಯುತ್ತಿನಿಂದ ಭಾರತದ ಮೊದಲ ವಿದ್ಯುತ್ ರೈಲು ಓಡಿತು. ತಿರುಗುತ್ತಿರುವ ಮೋಟಾರು ತಾನೂ ಒಂದು ಜನರೇಟರಿನಂತಾಗಿ, ಒಳಬರುವ ವಿದ್ಯುತ್ತಿಗೆ ಇದಿರೊತ್ತಡವನ್ನು ಹುಟ್ಟಿಸಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ನಿಂತಿರುವ ಮೋಟಾರಿಗೆ ಆ ರಕ್ಷೆಯಿಲ್ಲ. ಪೂರ್ಣ ಒತ್ತಡವನ್ನು ಒಮ್ಮೆಗೇ ಬಿಟ್ಟರೆ ಅದು ಸುಟ್ಟೇಹೋಗಬಹುದು. ಆದ್ದರಿಂದ ಮೊದಲು ಮೋಟಾರುಗಳನ್ನು ಒಂದರ ಹಿಂದೊಂದು ಸರಣಿಯಾಗಿ, ನಡುವೆ ರೋಧಕಗಳನ್ನಿಟ್ಟು ಜೋಡಿಸಿ, ವೇಗ ಏರಿದಂತೆಲ್ಲ ರೋಧಕಗಳನ್ನು ಒಂದೊಂದಾಗಿ ಕಳಚಿ, ಕಡೆಗೆ ಮೋಟಾರುಗಳನ್ನು ಸಮಾಂತರವಾಗಿ ಜೋಡಿಸುತ್ತಿದ್ದರು. ಹಳೆಯ ಲೋಕಲ್ ಗಾಡಿ ಸ್ಟೇಶನ್ ಬಿಡುವಾಗ ನಿಂತವರ ಸೊಂಟಕ್ಕೆ ತಾಗುತ್ತಿದ್ದ ಪುಟ್ಟ ಪುಟ್ಟ ಜಗ್ಗುಗಳು ಈ ಮೆಟ್ಟಿಲುಗಳೇ. 25,000 ವೋಲ್ಟಿನ ಪರ್ಯಾಯ ವಿದ್ಯುತ್ತು ಬಂದು, 2016ರ ಏಪ್ರಿಲಿನಲ್ಲಿ ಹಾರ್ಬರ್ ಮಾರ್ಗದ ಕೊನೆಯ ಏಕಮುಖ ವಿದ್ಯುತ್ತಿನ ಲೋಕಲ್ ಓಡಿದ ಮೇಲೆ ಆ ಅಧ್ಯಾಯ ಮುಗಿಯಿತು. ಎರಡು ಪದ್ಧತಿಗಳು ಸಂಧಿಸುವ ಎಡೆಯಲ್ಲಿ ದೀಪವೂ ಫ್ಯಾನೂ ಕ್ಷಣಕಾಲ ಆರಿ, ಇಡೀ ಡಬ್ಬಿ ಮೌನವಾಗುತ್ತಿದ್ದುದು ನಮ್ಮಲ್ಲಿ ಅನೇಕರಿಗೆ ನೆನಪಿದೆ.

ಹನ್ನೆರಡು ಡಬ್ಬಿಯ ಲೋಕಲಿಗೆ ಪ್ರತ್ಯೇಕ ಎಂಜಿನ್ನೇ ಇಲ್ಲ. ನಡುನಡುವಿನ ಮೋಟಾರು ಡಬ್ಬಿಗಳ ಅಡಿಯಲ್ಲಿ ಬಲವು ಹಂಚಿಹೋಗಿದೆ. ಫ್ರಾಂಕ್ ಸ್ಪ್ರೇಗ್ ಎಂಬ ಅಮೆರಿಕದ ಯಂತ್ರಶಿಲ್ಪಿ 1897ರಲ್ಲಿ ಷಿಕಾಗೋದ ರೈಲಿಗಾಗಿ ರೂಪಿಸಿದ ಈ ಕ್ರಮದಲ್ಲಿ, ಮೋಟರ್‌ಮನ್ ಎನಿಸುವ ಚಾಲಕನ ಹಿಡಿಯಿಂದ ಹರಿಯುವುದು ಗಾಡಿಯನ್ನೆಳೆಯುವ ವಿದ್ಯುತ್ತಲ್ಲ, ಬರಿಯ ಆಜ್ಞೆ. ಆದರೆ ಆ ಹಿಡಿಯನ್ನು ಒತ್ತಿಕೊಂಡೇ ಇರಬೇಕು. ಹೃದಯ ನಿಂತೋ, ಪ್ರಜ್ಞೆ ತಪ್ಪಿಯೋ ಕೈ ಸಡಿಲಿತೆಂದರೆ ವಿದ್ಯುತ್ತು ಕಡಿದು ಬ್ರೇಕು ತಾನಾಗಿ ಬೀಳುತ್ತದೆ. ಡೆಡ್‌ಮ್ಯಾನ್ ಹ್ಯಾಂಡಲ್ ಎಂಬ ಕಠೋರ ಹೆಸರು ಅದಕ್ಕೆ ಬಂದದ್ದು ಹೀಗೆ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ಕಂಡುಹಿಡಿದ ಸ್ವಯಂಚಾಲಿತ ವಾಯುಬ್ರೇಕಿನ ನೀತಿಯೂ ಇದೇ. ಗಾಡಿಯುದ್ದಕ್ಕೂ ಹಾಯ್ದ ಕೊಳವೆಯಲ್ಲಿ ಗಾಳಿಯ ಒತ್ತಡ ಇರುವ ತನಕ ಬ್ರೇಕು ಬಿಟ್ಟಿರುತ್ತದೆ. ಚಾಲಕನು ಒತ್ತಡವನ್ನಿಳಿಸಿದರೂ, ಪ್ರಯಾಣಿಕನು ಸರಪಳಿ ಜಗ್ಗಿದರೂ, ಕೊಳವೆಯೇ ಹರಿದರೂ ಗಾಡಿ ನಿಲ್ಲುತ್ತದೆ. ಓಡಲು ಈ ಯಂತ್ರಕ್ಕೆ ಪ್ರತಿಕ್ಷಣವೂ ಅಪ್ಪಣೆ ಬೇಕು. ನಿಲ್ಲಲು ಯಾರ ಅಪ್ಪಣೆಯೂ ಬೇಡ.

ಹಾಗೆಂದು ನಿಲ್ಲಿಸುವುದು ಸುಲಭವೆನ್ನುವಂತಿಲ್ಲ. ಎರಕದ ಕಬ್ಬಿಣದ ಬ್ರೇಕ್ ಬ್ಲಾಕಿನ ಘರ್ಷಣೆಯು ಗಾಲಿಯ ವೇಗ ಕುಗ್ಗಿದಂತೆಲ್ಲ ಹೆಚ್ಚುತ್ತದೆ. ಒತ್ತಿದ ಬ್ರೇಕನ್ನು ಹಾಗೆಯೇ ಬಿಟ್ಟ ಹೊಸಬನ ಗಾಡಿ ಕೊನೆಯ ಗಜದಲ್ಲಿ ಧಡಕ್ಕನೆ ನಿಂತು ಎಲ್ಲರನ್ನೂ ಮುಗ್ಗರಿಸುತ್ತದೆ. ಬಲ್ಲವನು ನಿಲ್ಲುವ ಮುಂಚೆಯೇ ಹಿಡಿತವನ್ನು ತುಸು ತುಸುವಾಗಿ ಸಡಿಲಿಸುತ್ತ ಬರುತ್ತಾನೆ. ಮುಂಬಯಿಯ ಮೋಟರ್‌ಮನ್ ಪ್ಲಾಟ್‌ಫಾರಮ್ಮಿನಲ್ಲಿ ತೂಗುವ ‘12’ ಎಂಬ ಫಲಕದ ನೇರಕ್ಕೆ, ಕಿಕ್ಕಿರಿದ ಗಾಡಿಯನ್ನು ಸ್ಟೇಶನ್ ಸ್ಟೇಶನ್ನಿನಲ್ಲಿಯೂ ಹೀಗೆ ತಂದು ನಿಲ್ಲಿಸುತ್ತಾನೆ.

ಮೊನ್ನೆ ಮಾಟುಂಗದಿಂದ ಬರುವಾಗ ಮುಂದಿನ ಡಬ್ಬಿಯಲ್ಲಿ ನಿಂತು ನಾನು ಮೇಲೆ ಸಾಲಾಗಿ ತೂಗಾಡುವ ಹಿಡಿಕೆಗಳನ್ನೇ ಗಮನಿಸುತ್ತಿದ್ದೆ. ಬೋರಿಬಂದರಿನಲ್ಲಿ ಹಳಿಗಳು ಮುಗಿದುಹೋಗುತ್ತವೆ. ಮುಂದಿರುವುದು ಬಫರು, ಅದರಾಚೆ ಜನ. ಬ್ರೇಕಿನ ಉಸಿರು ಒಮ್ಮೆ ಕೇಳಿಸಿತು, ಮತ್ತೆ ಸಣ್ಣಗೆ ಇನ್ನೊಮ್ಮೆ. ಹಿಡಿಕೆಗಳೆಲ್ಲ ಒಟ್ಟಿಗೆ ಮುಂದಕ್ಕೆ ವಾಲಿ, ಒಂದಕ್ಕೊಂದು ತಾಗದೆ ಹಿಂದಿರುಗಿ, ನೇರವಾಗಿ ನಿಂತವು. ಗಾಡಿ ನಿಂತಿತೆಂದು ನನಗೆ ಗೊತ್ತಾದದ್ದು ಜನ ಇಳಿಯತೊಡಗಿದ ಮೇಲೆ.