ಸಿ.ಬಿ.ಐ.ಯಿಂದ ಲೆಕ್ಕ ಕೇಳುವವರು ಯಾರು?

“ಪೊಲೀಸರು ತಪ್ಪಿದರೆ ಸಿ.ಬಿ.ಐ. ಬರುತ್ತದೆ, ಮಾಸ್ಟ್ರೇ. ಸಿ.ಬಿ.ಐ. ತಪ್ಪಿದರೆ?” ಪೌರನೀತಿಯ ಪಾಠದ ನಡುವೆ ಬಂದ ಈ ಪ್ರಶ್ನೆಗೆ ನಾವು ಆ ದಿನ ಸರಿಯಾದ ಉತ್ತರ ಕೊಡಲಿಲ್ಲ. ಇಲ್ಲಿ ಕೊಡಲು ಯತ್ನಿಸುತ್ತೇವೆ.

ಸಿ.ಬಿ.ಐ. ಹುಟ್ಟಿದ್ದು 1963ರ ಏಪ್ರಿಲ್ 1ರಂದು, ಕೇಂದ್ರ ಗೃಹ ಸಚಿವಾಲಯದ ಒಂದು ನಿರ್ಣಯದಿಂದ. ತನಿಖೆಯ ಅಧಿಕಾರ ಬಂದುದು 1946ರ ದಿಲ್ಲಿ ವಿಶೇಷ ಪೊಲೀಸ್ ಕಾಯಿದೆಯಿಂದ. ಹುಟ್ಟಿದ್ದೊಂದು ಕಡೆ, ಬಲವೊಂದು ಕಡೆ! 2013ರಲ್ಲಿ ಗೌಹಾಟಿ ಹೈಕೋರ್ಟು ಆ ನಿರ್ಣಯವನ್ನೇ ರದ್ದುಪಡಿಸಿತು. ಮೂರೇ ದಿನಗಳಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು.

ಕಾಯಿದೆಯ 6ನೆಯ ಕಲಮಿನಂತೆ ರಾಜ್ಯದೊಳಗಿನ ತನಿಖೆಗೆ ಆ ರಾಜ್ಯದ ಒಪ್ಪಿಗೆ ಬೇಕು. ಕೇರಳವು 2020ರಲ್ಲಿ, ಕರ್ನಾಟಕವು 2024ರಲ್ಲಿ ಸಾಮಾನ್ಯ ಒಪ್ಪಿಗೆಯನ್ನು ಹಿಂತೆಗೆದುಕೊಂಡವು. ಹೈಕೋರ್ಟು ಯಾ ಸುಪ್ರೀಂ ಕೋರ್ಟು ಆಜ್ಞಾಪಿಸಿದರೆ ಮಾತ್ರ ಒಪ್ಪಿಗೆಯ ಪ್ರಶ್ನೆ ಇಲ್ಲ.

ಹಾಗಾದರೆ ಸಂಸತ್ತು? ಸದಸ್ಯರು ಪ್ರಶ್ನೆ ಕೇಳಬಹುದು. ಹಣ ಮಂಜೂರು ಮಾಡುವುದೂ ಸಂಸತ್ತೇ. ಸಿಬ್ಬಂದಿ, ಕಾನೂನು, ನ್ಯಾಯ ವಿಷಯಗಳ ಸ್ಥಾಯೀ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿಗೆ ಸ್ಥಾನವಿದೆ. ಸಿ.ಬಿ.ಐ.ಗೆ ಪ್ರತ್ಯೇಕ ಕಾನೂನು ಬೇಕೆಂದು ಈ ಸಮಿತಿ 2008ರಲ್ಲಿ ಹೇಳಿತು, 2023ರಲ್ಲಿ ಮತ್ತೆ ಹೇಳಿತು. ಆದರೆ ಸಮಿತಿಯದು ಶಿಫಾರಸು ಮಾತ್ರ. ಸರಕಾರ ಅದಕ್ಕೆ ಬದ್ಧವಲ್ಲ.

ಬೇಲಿಯೇ ಎದ್ದು ಹೊಲ ಮೇಯದಂತೆ ನೋಡಬೇಕಾದವರು ನಾವು ದಿಲ್ಲಿಗೆ ಕಳುಹಿಸಿದವರೇ. ನಮ್ಮ ಜಿಲ್ಲೆಯಿಂದಲೂ ಒಬ್ಬರು ಲೋಕಸಭೆಗೆ ಹೋಗುತ್ತಾರೆ. ಮತ ಯಾಚಿಸಲು ಅಂಗಳಕ್ಕೆ ಬಂದಾಗ ರಸ್ತೆ, ಸೇತುವೆಗಳ ಜೊತೆಗೆ ಆ ಹುಡುಗನ ಪ್ರಶ್ನೆಯನ್ನೂ ಕೇಳೋಣ.