ಮಕ್ಕಳ ತಲೆಗೆ ಬೀಳುವ ಪೆಟ್ಟು

ಹುಟ್ಟಿದ ಮಗುವಿನ ತಲೆಯು ದೇಹದ ಉದ್ದದಲ್ಲಿ ಸುಮಾರು ಕಾಲುಭಾಗದಷ್ಟಿರುತ್ತದೆ. ತಲೆಯ ಭಾರ ಹೆಚ್ಚು, ಕತ್ತಿನ ಬಲ ಕಡಿಮೆ. ಆದುದರಿಂದಲೇ ಎಳೆಯ ಮಕ್ಕಳು ಬಿದ್ದಾಗ ತಲೆಗೇ ಪೆಟ್ಟಾಗುವುದು ಹೆಚ್ಚು. ದೊಡ್ಡ ಮಕ್ಕಳಿಗೆ ರಸ್ತೆಯ ಅಪಘಾತವೂ ಕಾರಣವಾಗುತ್ತದೆ. ಚಿಕ್ಕವರಿಗೆ ಮನೆಯೇ ಅಪಾಯದ ಸ್ಥಳ. ಹಪ್ಪಳ ಒಣಗಿಸಲು ತಾಯಿ ತಡೆಗೋಡೆಯಿಲ್ಲದ ಮಾಳಿಗೆಯನ್ನೇರಿದರೆ ಮಗುವೂ ಹಿಂದೆಯೇ ಏರುತ್ತದೆ.

ಬಿದ್ದ ಮಗು ಅತ್ತು, ಮತ್ತೆ ಆಡತೊಡಗಿದರೆ ಮನೆಯವರು ನಿಶ್ಚಿಂತರಾಗುವುದುಂಟು. ಆದರೆ ತಲೆಬುರುಡೆಯೊಳಗೆ ರಕ್ತವು ನಿಧಾನವಾಗಿ ಸೋರಿ, ಕೆಲವು ಗಂಟೆಗಳ ತರುವಾಯ ಮೆದುಳನ್ನು ಒತ್ತಬಹುದು. ಆದಕಾರಣ ಕನಿಷ್ಠ 24 ಗಂಟೆಗಳ ಕಾಲ ಮಗುವಿನ ಮೇಲೆ ಕಣ್ಣಿಟ್ಟಿರಬೇಕು. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಬಿಡದ ಮಂಪರು, ಸೆಳವು, ಕೈಕಾಲಿನ ನಿಶ್ಶಕ್ತಿ, ಕಿವಿ ಮೂಗುಗಳಿಂದ ರಕ್ತ ಅಥವಾ ತಿಳಿನೀರು—ಇವುಗಳಲ್ಲಿ ಒಂದು ಕಂಡರೂ ಒಡನೆಯೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ. ಸೆಳವು ಬಂದಾಗ ಕೈಗೆ ಕಬ್ಬಿಣ ಕೊಟ್ಟು ಕಾಯುವುದು ಬರಿಯ ಕಾಲಹರಣ. ಮಂಪರಿನಲ್ಲಿರುವ ಮಗುವಿಗೆ ಹಾಲು, ನೀರು ಕುಡಿಸಬಾರದು. ಗಾಯಕ್ಕೆ ಕಾಫಿಪುಡಿ ಮೆತ್ತದೆ ಶುದ್ಧವಾದ ಬಟ್ಟೆಯನ್ನಿಟ್ಟು ಹಗುರವಾಗಿ ಹಿಡಿಯಿರಿ.

ಯಾರ ಕೈಯಿಂದ ಜಾರಿತೆಂಬ ಜಗಳಕ್ಕೆ ಅದು ಸಮಯವಲ್ಲ. ಹಿರಿಯರ ಬೈಗುಳಕ್ಕೆ ಅಂಜಿ ಬಿದ್ದುದನ್ನು ಮುಚ್ಚಿಡುವವರಿದ್ದಾರೆ. ಎಷ್ಟು ಎತ್ತರದಿಂದ, ಎಷ್ಟು ಹೊತ್ತಿಗೆ ಬಿದ್ದಿತು, ಆಗ ಎಚ್ಚರ ತಪ್ಪಿತ್ತೇ ಎಂಬುದನ್ನು ದಂಪತಿಗಳು ವೈದ್ಯರಿಗೆ ಮರೆಮಾಚದೆ ತಿಳಿಸಬೇಕು.